ಅಕ್ಕನ ಎದುರು ಆಡಲಾಗದ ರಷ್ಯನ್ ಮಾತು

"ಈಗ ಬೇಡ, ಆಮೇಲೆ ನೋಡುವ."

ಈ ಮಾತನ್ನು ಯಾವ ರಷ್ಯನ್ನನೂ ಆಡಿಲ್ಲ. ಆಡಿದವನು ನಾನು. ಅಕ್ಕ ನನ್ನನ್ನು ನಂಬಿ ಅದನ್ನು ಇಂಗ್ಲಿಷಿಗೆ ತಂದಳು, ಕೆಳಗೆ ರುಜು ಹಾಕಿದಳು. ಅನುವಾದದ ಕಚೇರಿಯವರು ಸೀಲು ಒತ್ತಿದರು. ಕಾಲು ಕಳೆದುಕೊಂಡ ಒಬ್ಬ ಕೆಲಸಗಾರನ ಪರಿಹಾರದ ಕೇಸು ಆ ಒಂದು ಸಾಲಿನಿಂದ ಮುಳುಗುವುದರಲ್ಲಿತ್ತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ. ಹಡಗಿನವರ ಮೇಲೆ ಬರುತ್ತದೆ, ಅವರ ವಕೀಲರ ಮೇಲೆ ಬರುತ್ತದೆ, ಸೀಲಿನ ಕಚೇರಿಯ ಯಜಮಾನರ ಮೇಲೂ ಬರುತ್ತದೆ. ಆದರೆ ಆ ಸಾಲನ್ನು ಅವರಲ್ಲಿ ಯಾರೂ ಕಟ್ಟಿಕೊಟ್ಟದ್ದಲ್ಲ.

ನಮ್ಮ ಪಣಂಬೂರು ಬಂದರಿಗೆ ಗೊಬ್ಬರ ತಂದ ಹಡಗು ಅದು. ಹಡಗಿನದ್ದೇ ಕ್ರೇನು, ಅದರ ತುದಿಗೆ ಗ್ರಾಬ್. ಗ್ರಾಬ್ ಎಂದರೆ ಎರಡು ದವಡೆಗಳ ದೊಡ್ಡ ಕಬ್ಬಿಣದ ಬಾಯಿ. ಅದು ಹಡಗಿನ ಹೊಟ್ಟೆಗೆ ಇಳಿದು ಗೊಬ್ಬರ ಕಚ್ಚಿಕೊಂಡು ಮೇಲೆ ಬರುತ್ತದೆ. ಮೂಲೆಯಲ್ಲಿ ಉಳಿದ ಗೊಬ್ಬರ ಅದರ ಬಾಯಿಗೆ ಸಿಗುವುದಿಲ್ಲ. ಅದನ್ನು ಗುದ್ದಲಿಯಲ್ಲಿ ಎಳೆದು ನಡುವಿಗೆ ಹಾಕಲು ನಮ್ಮ ಕಡೆಯ ಕೆಲಸಗಾರರು ಕೆಳಗೆ ಇಳಿಯುತ್ತಾರೆ. ಹಾಗೆ ಇಳಿದವನೊಬ್ಬನ ಕಾಲಿನ ಮೇಲೆ ಗ್ರಾಬ್ ಬಿತ್ತು. ಅದನ್ನು ಎತ್ತುವ ಉಕ್ಕಿನ ಹಗ್ಗ ತುಂಡಾಗಿತ್ತು.

ಹಗ್ಗ ಸರಿಯಾಗಿಯೇ ಇತ್ತು, ಇಂಥದ್ದು ಆಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ ಎಂದು ಹಡಗಿನ ಕಂಪನಿ ಹೇಳಿತು. ಹಾಗಲ್ಲ ಎಂದು ಹೇಳಿದವನು ಹಡಗಿನ ಬೋಸನ್ ಒಬ್ಬನೇ. ಡೆಕ್ಕಿನ ಕೆಲಸಗಾರರ ಮೇಸ್ತ್ರಿಗೆ ಬೋಸನ್ ಎನ್ನುತ್ತಾರೆ. ಈತ ರಷ್ಯನ್, ವಯಸ್ಸಾದವನು. ಗಾಯಗೊಂಡವನನ್ನು ಹೊತ್ತು ಮೇಲೆ ತಂದವರಲ್ಲಿ ಇವನೂ ಇದ್ದ. ಹಡಗು ಹೊರಡುವ ಮೊದಲು ಅವನು ಗಾಯಾಳುವಿನ ಗೆಳೆಯನ ಫೋನಿಗೆ ಒಂದರ ಹಿಂದೆ ಒಂದು ಧ್ವನಿ ಸಂದೇಶ ಕಳಿಸಿದ. ಎಲ್ಲವೂ ರಷ್ಯನ್ನಿನಲ್ಲಿ. ಗಾಯಾಳುವಿನ ವಕೀಲರು ಅದನ್ನು ಹಂಪನಕಟ್ಟೆಯ ಒಂದು ಅನುವಾದದ ಕಚೇರಿಗೆ ಕೊಟ್ಟರು. ಕಚೇರಿಯವರು ನನ್ನ ಅಕ್ಕನಿಗೆ ಕೊಟ್ಟರು.

ಅಕ್ಕ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು. ರಷ್ಯನ್ನನ್ನು ಅಂಚೆಯ ಮೂಲಕ ಕಲಿತು ಡಿಪ್ಲೊಮಾ ತೆಗೆದುಕೊಂಡವಳು. ರಷ್ಯದಲ್ಲಿ ಡಾಕ್ಟರಿಕೆ ಓದಿ ಬಂದವರ ಅಂಕಪಟ್ಟಿಗಳನ್ನು ಇಂಗ್ಲಿಷಿಗೆ ಮಾಡಿಕೊಡುವುದು ಅವಳ ಕೆಲಸ. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ರಷ್ಯನ್ ಅಧಿಕಾರಿಗಳಿದ್ದ ಹಡಗುಗಳ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಪಾತ್ರೆ ತೊಳೆದು, ಆಮೇಲೆ ಅಡುಗೆ ಮಾಡಿ, ಕಿವಿಯಿಂದ ಆ ಭಾಷೆ ಕಲಿತೆ. ಓದಲು ಇವತ್ತಿಗೂ ಬರುವುದಿಲ್ಲ. ಈಗ ಜೆಪ್ಪುವಿನಲ್ಲಿ ಆಫೀಸುಗಳಿಗೆ ಊಟದ ಡಬ್ಬಿ ಮಾಡಿ ಕಳಿಸುತ್ತೇನೆ. ಅಕ್ಕನಿಗೆ ಧ್ವನಿಯ ಕೆಲಸ ಬಂದಾಗ ಕೇಳಿ ಹೇಳಲು ಹೋಗುತ್ತಿದ್ದೆ.

ಅಕ್ಕ ರಷ್ಯನ್ ಕಲಿಯಲು ಹೊರಟದ್ದೂ ನನ್ನಿಂದಲೇ. ರಜೆಯಲ್ಲಿ ಬಂದಾಗ, ಹಡಗಿನಲ್ಲಿ ನಿನ್ನನ್ನು ಎಂತ ಕರೀತಾರೆ ಎಂದು ಅವಳು ಕೇಳಿದ್ದಳು. 'ಬ್ರಾತ್' ಎಂದು ಹೇಳಿದ್ದೆ. ರಷ್ಯನ್ನಿನಲ್ಲಿ ಹಾಗೆಂದರೆ ಸಹೋದರ. ಅವಳಿಗೆ ಅದು ಎಷ್ಟು ಇಷ್ಟವಾಯಿತೆಂದರೆ, ಅಂದಿನಿಂದ ಅವಳೂ ನನ್ನನ್ನು ಹಾಗೆಯೇ ಕರೆಯತೊಡಗಿದಳು. ಆ ದಿನವೂ ಫೋನಿನಲ್ಲಿ ಹೇಳಿದ್ದು ಅದನ್ನೇ. "ಬ್ರಾತ್, ಡಬ್ಬಿ ಎಲ್ಲ ಆಯ್ತಾ? ಮನೆಗೆ ಬಾ ಮಾರಾಯ. ಒಬ್ಬ ಮಾತಾಡ್ತಾನೆ, ನನಗೆ ಅವನ ಉಸಿರು ಮಾತ್ರ ಅರ್ಥ ಆಗ್ತದೆ."

ಮಣ್ಣಗುಡ್ಡದ ಅವಳ ಮನೆಯಲ್ಲಿ ಮಧ್ಯಾಹ್ನದ ಮೇಲೆ ಕೂತೆವು. ಮೊದಲು ಎಲ್ಲ ಸಂದೇಶಗಳನ್ನೂ ನಿಲ್ಲಿಸದೆ ಕೇಳಿದೆವು. ಹಿಂದೆ ಎಂಜಿನ್ನಿನ ಸದ್ದು, ಗಾಳಿ. ಬೋಸನ್ ಹಲ್ಲಿಲ್ಲದವನ ಹಾಗೆ ಶಬ್ದಗಳನ್ನು ನುಂಗುತ್ತಿದ್ದ. ಎರಡನೆಯ ಸಲ ಅವನು ಉಸಿರು ತೆಗೆದಲ್ಲೆಲ್ಲ ನಿಲ್ಲಿಸಿದೆವು. ಅಕ್ಕನದ್ದು ಒಂದು ಕ್ರಮ. ನಾನು ಮೊದಲು ಶಬ್ದಕ್ಕೆ ಶಬ್ದ ತುಳುವಿನಲ್ಲಿ ಹೇಳಬೇಕು. ಅದು ಎಷ್ಟು ಹುಚ್ಚುಚ್ಚಾಗಿ ಕೇಳಿಸಿದರೂ ಸರಿ. ಆಮೇಲೆ ಅರ್ಥ ಹೇಳಬೇಕು. ನಮ್ಮವರು ಅದಕ್ಕೆ ಏನನ್ನುತ್ತಾರೆ ಎಂದು ಕೊನೆಗೆ. ಇಂಗ್ಲಿಷ್ ಯಾವುದೆಂದು ನಿರ್ಧರಿಸುವುದು ಅವಳು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬೋಸನ್ ಗಾದೆಗಳ ಮೂಟೆ. ಕಂಪನಿಯವರು ನಿಮ್ಮ ಕಿವಿಗೆ ಶಾವಿಗೆ ನೇತುಹಾಕುತ್ತಾರೆ, ನಂಬಬೇಡಿ ಎಂದ. ಅಂದರೆ ಸುಳ್ಳು ಹೇಳಿ ಮೋಸ ಮಾಡುತ್ತಾರೆ ಎಂದು. ನಾವು ಕಿವಿಗೆ ಹೂ ಇಡುವುದು ಎನ್ನುತ್ತೇವಲ್ಲ ಎಂದೆ. ಅಕ್ಕ ನಕ್ಕಳು. "ಅವರದ್ದು ತಿನ್ಲಿಕ್ಕಾದ್ರೂ ಆಗ್ತದೆ." ಹೊಸ ಹಗ್ಗ ಯಾವಾಗ ಬರುತ್ತದೆಂದು ಕೇಳಿದರೆ, ಏಡಿ ಗುಡ್ಡ ಹತ್ತಿ ಸಿಳ್ಳೆ ಹಾಕಿದಾಗ ಎಂದು ಹಡಗಿನಲ್ಲಿ ನಗುತ್ತಿದ್ದರಂತೆ. ಎಂದೂ ಇಲ್ಲ ಎಂದು ಅದರ ಅರ್ಥ. ನಾನು 'ಎಂದೂ ಇಲ್ಲ' ಎಂದಷ್ಟೇ ಬರೆದುಬಿಡು, ಏಡಿಯನ್ನು ಕಂಡರೆ ಬೋಸನ್ ಕುಡಿದಿದ್ದ ಎನ್ನುತ್ತಾರೆ ಎಂದೆ. ಅಕ್ಕ ಒಪ್ಪಲಿಲ್ಲ. ಏಡಿಯನ್ನೂ ಬರೆದಳು, ಅದರ ಪಕ್ಕದಲ್ಲಿ ಅರ್ಥವನ್ನೂ ಬರೆದಳು. ಅವನು ಏಡಿ ಎಂದಿದ್ದರೆ ಕಾಗದದಲ್ಲಿ ಏಡಿ ಇರಬೇಕು, ಇಲ್ಲದಿದ್ದರೆ ಅವನ ಬಾಯಿಗೆ ನಾವು ಮಾತು ತುರುಕಿದ ಹಾಗೆ ಆಗುತ್ತದೆ ಎಂದಳು. ಹಡಗಿನಲ್ಲಿ ಕ್ಯಾಪ್ಟನ್ನಿನ ನಂತರದವನಾದ ಚೀಫ್ ಆಫೀಸರಿಗೆ ವಾರದಲ್ಲಿ ಏಳು ಶುಕ್ರವಾರ ಎಂದ ಬೋಸನ್. ಗಳಿಗೆಗೊಂದು ಮಾತು ಆಡುವವನು ಎಂದರ್ಥ. ಏಳು ಶುಕ್ರವಾರವೂ ಕಾಗದಕ್ಕೆ ಹೋಯಿತು.

ಹೀಗೆ ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಆ ಸಂದೇಶ ಬಂತು.

ಹಗ್ಗದ ಎಳೆಗಳು ಬಿಚ್ಚಿಕೊಂಡಿದ್ದವು, ಕೈಗೆ ಚುಚ್ಚುತ್ತಿದ್ದವು, ಚೀಫ್ ಆಫೀಸರನ್ನು ಕರೆದು ತೋರಿಸಿದೆ, ಕೆಳಗೆ ಜನ ಇದ್ದಾರೆ ಎಂದೆ ಎಂದು ಬೋಸನ್ ಹೇಳಿದ. ಅದಕ್ಕೆ ಆಫೀಸರ್ ಏನೆಂದ ಎಂದು ಅವನದೇ ಸ್ವರದಲ್ಲಿ ಹೇಳಿ ತೋರಿಸಿದ. ಅದು ಎರಡು ತುಂಡಿನ ಮಾತು. ನಿನ್ನ ಹಗ್ಗದ ಮೇಲೆ ನನ್ನದನ್ನು ಇಟ್ಟಿದ್ದೇನೆ ಎಂಬುದು ಮೊದಲ ತುಂಡು. ಇಡುವುದು ಗಂಡಸಿನ ಅಂಗವನ್ನು. ನನಗೆ ಗೊತ್ತು, ಗೊತ್ತಿದ್ದೂ ನನಗೆ ಲೆಕ್ಕಕ್ಕಿಲ್ಲ ಎಂದು ಅದರ ಅರ್ಥ. ಕೆಳಗಿರುವ ಕಪ್ಪು ಕುಂಡೆಯವರ ಮೇಲೂ ಇಟ್ಟಿದ್ದೇನೆ ಎಂಬುದು ಎರಡನೆಯ ತುಂಡು. ಕಪ್ಪು ಕುಂಡೆಯವರು ಎಂದರೆ ನಾವು.

ಅಕ್ಕ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು. "ಎಂತ ಹೇಳಿದ?"

ಅಕ್ಕನ ಎದುರು ನಾನು ಒಂದೂ ಕೆಟ್ಟ ಶಬ್ದ ಆಡಿದವನಲ್ಲ. ಬೀಡಿ ಸೇದಿದವನಲ್ಲ. ನಮ್ಮ ಮನೆಯಲ್ಲಿ ಅದೊಂದು ಕಟ್ಟು. ಹೊರಗೆ ಗಂಡಸರು ಏನು ಬೇಕಾದರೂ ಬೈದುಕೊಳ್ಳಬಹುದು, ಹೊಸ್ತಿಲು ದಾಟಿದ ಮೇಲೆ ಬಾಯಿ ತೊಳೆದುಕೊಂಡ ಹಾಗೆ ಇರಬೇಕು. ಆ ಹೊತ್ತಿಗೆ ನಾನು ಮೊದಲ ಹೆಜ್ಜೆಯನ್ನು ಹಾರಿಸಿದೆ. ಶಬ್ದಕ್ಕೆ ಶಬ್ದ ಹೇಳಲಿಲ್ಲ. ಒಬ್ಬ ಮರ್ಯಾದಸ್ಥ ಆ ಜಾಗದಲ್ಲಿದ್ದರೆ ಏನು ಹೇಳುತ್ತಿದ್ದನೋ ಅದನ್ನು ಹೇಳಿದೆ. "ಈಗ ಬೇಡ, ಆಮೇಲೆ ನೋಡುವ, ಅಂತ ಹೇಳಿದ."

"ಅಷ್ಟೇ? ಅಷ್ಟು ಉದ್ದ ಇತ್ತಲ್ಲ."

"ಉಳಿದದ್ದು ಬೈಗುಳ. ಸುಮ್ಮನೆ."

ಅಕ್ಕ ಟೈಪು ಮಾಡಿದಳು. ನಾನು ನೀರು ಕುಡಿಯಲು ಎದ್ದು ಹೋದೆ.

ತಿಂಗಳು ಕಳೆದ ಮೇಲೆ ಗಾಯಾಳುವಿನ ವಕೀಲರು ನಮ್ಮಿಬ್ಬರನ್ನೂ ತಮ್ಮ ಕಚೇರಿಗೆ ಕರೆದರು. ಅವರ ಮುಖ ಕೆಂಪಾಗಿತ್ತು. ಕಂಪನಿಯ ವಕೀಲರು ಕೊಟ್ಟ ಉತ್ತರವನ್ನು ಮೇಜಿನ ಮೇಲೆ ಹಾಕಿದರು. ನಮ್ಮ ಅನುವಾದದ ಆ ಸಾಲನ್ನೇ ಅವರು ಎತ್ತಿಕೊಂಡಿದ್ದರು. ಬೋಸನ್ನೇ ಒಪ್ಪಿದ ಹಾಗೆ ಚೀಫ್ ಆಫೀಸರ್ ಹಗ್ಗವನ್ನು ಪರೀಕ್ಷಿಸಲು ಮನಸ್ಸು ಮಾಡಿದ್ದರು, ಅಷ್ಟರಲ್ಲಿ ಕೆಲಸಗಾರರು ಅವಸರ ಮಾಡಿ ಕೆಳಗಿಳಿದರು, ಆದ್ದರಿಂದ ತಪ್ಪು ಇಳಿದವರದ್ದು ಎಂದಿತ್ತು. ಎಷ್ಟು ನಯವಾಗಿ ಬರೆದಿದ್ದರೆಂದರೆ, ಗ್ರಾಬಿನ ಕೆಳಗೆ ಕಾಲಿಟ್ಟದ್ದಕ್ಕೆ ಗಾಯಾಳುವೇ ಕ್ಷಮೆ ಕೇಳಬೇಕು ಎನ್ನುವ ಹಾಗಿತ್ತು.

ವಕೀಲರು ಅಕ್ಕನನ್ನು ನೇರವಾಗಿ ಕೇಳಿದರು, ಈ ಸಾಲು ಹೀಗೇ ಇದೆಯೇ ಎಂದು. ಅಕ್ಕ ಒಂದು ಕ್ಷಣವೂ ಯೋಚಿಸಲಿಲ್ಲ. "ಹಾಗೇ ಉಂಟು ಸರ್. ನನ್ನ ತಮ್ಮ ಕೇಳಿ ಹೇಳಿದ್ದು. ಅವನಿಗೆ ಆ ಜನರ ಭಾಷೆ ನನಗಿಂತ ಚೆನ್ನಾಗಿ ಗೊತ್ತುಂಟು."

ನಾನು ಪಕ್ಕದಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಮೊದಲ ಸಲ ನಾಚಿಕೆಯಿಂದ ಸುಳ್ಳು ಹೇಳಿದ್ದೆ, ಅದಕ್ಕೆ ಯಾರಾದರೂ ಕ್ಷಮೆ ಕೊಡಬಹುದು. ಈ ಎರಡನೆಯ ಸಲದ್ದಕ್ಕೆ ನಾನೇ ಕೊಟ್ಟುಕೊಂಡಿಲ್ಲ. ಅವಳು ನನ್ನ ಪರವಾಗಿ ಮಾತಾಡುತ್ತಿದ್ದಳು, ನಾನು ನನ್ನ ಚಪ್ಪಲಿ ನೋಡುತ್ತಿದ್ದೆ.

ಅಷ್ಟರಲ್ಲಿ ಗಾಯಾಳು ಬಂದ. ಮೊಣಕಾಲಿನ ಕೆಳಗೆ ಪ್ಯಾಂಟನ್ನು ಮಡಚಿ ಪಿನ್ನು ಹಾಕಿದ್ದ. ಕುರ್ಚಿಯಲ್ಲಿ ಕೂತು ಊರುಗೋಲನ್ನು ಗೋಡೆಗೆ ಒರಗಿಸಿ, ಕಾಲು ಹೋದ ಮೇಲೆ ಚಪ್ಪಲಿ ಒಂದೇ ಸವೆಯುತ್ತದೆ, ಅದೊಂದು ಲಾಭ ಎಂದ. ವಕೀಲರು ಆ ಸಾಲನ್ನು ಅವನಿಗೆ ತುಳುವಿನಲ್ಲಿ ಹೇಳಿದರು. ಅವನು ಅಕ್ಕನನ್ನಲ್ಲ, ನನ್ನನ್ನು ನೋಡಿದ.

"ಅಣ್ಣಾ, ನನ್ನನ್ನು ಎತ್ತಿಕೊಂಡು ಮೇಲೆ ಬರುವಾಗ ಆ ಮುದುಕ ಬೋಸನ್ ಆಫೀಸರನ್ನು ನೋಡಿ ಅಳ್ತಾ ಬೊಬ್ಬೆ ಹೊಡೀತಿದ್ದ. ನಾನು ರಷ್ಯನ್ ಕಲ್ತವ ಅಲ್ಲ. ಆದ್ರೆ ಬೈಗುಳ ಗೊತ್ತಾಗ್ಲಿಕ್ಕೆ ಭಾಷೆ ಬೇಕಾ? ಆಮೇಲೆ ನೋಡುವ ಅಂತ ಹೇಳಿದ್ದಕ್ಕೆ ಯಾರಾದ್ರೂ ಹಾಗೆ ಬೈತಾರಾ?"

ಡಬ್ಬಿಯ ಪಾತ್ರೆಗಳು ಹಾಗೇ ಬಿದ್ದಿವೆ ಎಂದು ನೆಪ ಹೇಳಿ ಎದ್ದೆ. ಮರುದಿನ ಅನ್ನ ಬಸಿಯುವಾಗ ಅವನ ಪ್ರಶ್ನೆಯೇ ಕಿವಿಯಲ್ಲಿತ್ತು. ಯಾರ ಮರ್ಯಾದೆಯನ್ನು ಕಾಯುತ್ತಿದ್ದೇನೆ ಎಂದು ನನ್ನನ್ನೇ ಕೇಳಿಕೊಂಡೆ. ಅಕ್ಕನದ್ದು ಎಂದು ನಾನು ಅಂದುಕೊಂಡಿದ್ದೆ. ಆದರೆ ಕಂಪನಿಯ ವಕೀಲರು ಹೊಟ್ಟೆಯ ನೀರು ಅಲುಗಾಡದ ಹಾಗೆ ಕೂತಿದ್ದಾರೆ, ಆ ಆಫೀಸರ್ ಯಾವುದೋ ಬಂದರಿನಲ್ಲಿ ಊಟ ಮಾಡುತ್ತಿದ್ದಾನೆ. ನಾನು ತೊಳೆದು ಬಿಳಿ ಮಾಡಿಕೊಟ್ಟದ್ದು ಅವನ ಬಾಯಿಯನ್ನು. ಹಡಗಿನಲ್ಲಿ ಅವನಂಥವರ ತಟ್ಟೆ ತೊಳೆದದ್ದು ಸಾಲಲಿಲ್ಲ ಎಂದು ಊರಿಗೆ ಬಂದು ಬಾಯಿಯನ್ನೂ ತೊಳೆದುಕೊಟ್ಟೆ. ಆ ಯೋಚನೆ ಬಂದ ಮೇಲೆ ಡಬ್ಬಿಗಳನ್ನು ಕಟ್ಟಿ ಕಳಿಸಿ ನೇರ ಮಣ್ಣಗುಡ್ಡಕ್ಕೆ ಹೋದೆ.

ಅಕ್ಕ ಅಂಕಪಟ್ಟಿಯೊಂದನ್ನು ಮಾಡುತ್ತಿದ್ದಳು. ಆ ಸಾಲು ಸುಳ್ಳು, ಅವನು ಹಾಗೆ ಹೇಳಿಯೇ ಇಲ್ಲ ಎಂದೆ. ಅವಳು ಕನ್ನಡಕ ತೆಗೆದಳು. ಮತ್ತೆಂತ ಹೇಳಿದ್ದು ಎಂದು ಕೇಳಿದಳು. ನಿನ್ನ ಎದುರು ಹೇಳಲಿಕ್ಕೆ ಆಗುವಂಥದ್ದಲ್ಲ ಎಂದೆ.

ಅವಳು ಬೈಯುವುದನ್ನು ನಾನು ಬಾಲ್ಯದಿಂದ ಕೇಳಿದ್ದೇನೆ. ಆ ದಿನ ಅವಳ ಸ್ವರ ಏರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ನಾನು ಸಿಟಿ ಬಸ್ಸಲ್ಲಿ ಓಡಾಡುವವಳು. ಮೀನು ಮಾರ್ಕೆಟಿಗೆ ಹೋಗುವವಳು. ನನ್ನ ಕಿವಿ ಕಾಯಲಿಕ್ಕೆ ನಿನಗೆ ಯಾರು ಹೇಳಿದ್ದು? ಕೆಳಗೆ ರುಜು ಇರುವುದು ನನ್ನದು. ಹೇಳು."

ನಾನು ಗೋಡೆಯ ಕಡೆ ತಿರುಗಿ ಶುರು ಮಾಡಿದೆ.

"ಗೋಡೆಗೆ ಹೇಳ್ಬೇಡ. ನನಗೆ ಹೇಳು. ಶಬ್ದಕ್ಕೆ ಶಬ್ದ."

ಹೇಳಿದೆ. ಮೊದಲ ತುಂಡನ್ನು ಅವಳು ಎರಡು ಸಲ ಹೇಳಿಸಿದಳು. ಅಂಗದ ಹೆಸರು ನಿಜವಾಗಿಯೂ ಬಂದಿದೆಯೇ, ಅಥವಾ ಕೇಳುವವನು ಊಹಿಸಿಕೊಳ್ಳಲಿ ಎಂದು ಬಿಟ್ಟಿದ್ದಾನೆಯೇ ಎಂದು ಕೇಳಿದಳು. ಬಂದಿದೆ ಎಂದೆ. ಹಾಗಾದರೆ ಇಂಗ್ಲಿಷಿನಲ್ಲೂ ಬರಬೇಕು ಎಂದು ಯೋಚಿಸಿದಳು. ಇಂಗ್ಲಿಷಿನವರು ಇಡುವುದಿಲ್ಲ, ಬೇರೆಯೇ ಮಾಡುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಕೊನೆಗೆ ಏಡಿಗೆ ಮಾಡಿದ್ದನ್ನೇ ಮಾಡಿದಳು. ಅವನು ಆಡಿದ್ದು ಹಾಗೆಯೇ ಒಂದು ಸಾಲು, ಗೊತ್ತಿದ್ದೂ ಸಂಪೂರ್ಣ ತಿರಸ್ಕಾರ ಎಂಬ ಅರ್ಥ ಅದರ ಪಕ್ಕದಲ್ಲಿ. ಬರೆದದ್ದನ್ನು ಗಟ್ಟಿಯಾಗಿ ಓದಿದಳು. ನನಗೆ ತಲೆ ಎತ್ತಲಾಗಲಿಲ್ಲ. ಅವಳಿಗೆ ಏನೂ ಆಗಲಿಲ್ಲ.

ಎರಡನೆಯ ತುಂಡಿಗೆ ಬಂದಳು. ಕಪ್ಪು ಎಂಬುದು ಅವಳಿಗೆ ಗೊತ್ತಿತ್ತು. ಉಳಿದ ಅರ್ಧ ಅವಳ ಪಾಠದ ಪುಸ್ತಕಗಳಲ್ಲಿ ಇರಲಿಲ್ಲ. "ಇದು ಬೈಗುಳ ಅಂತ ನಿನಗೆ ಖಾತ್ರಿ ಉಂಟಾ? ತಮಾಷೆಗೆ ಹೇಳುವ ಮಾತಾಗಿರ್ಬಹುದಲ್ವಾ? ಅವರು ನಾಳೆ ಅದನ್ನೇ ಕೇಳ್ತಾರೆ."

"ಖಾತ್ರಿ ಉಂಟು."

"ಹೇಗೆ?"

"ಹಡಗಲ್ಲಿ ನನ್ನನ್ನು ಅದೇ ಕರೀತಿದ್ದದ್ದು."

ಅವಳ ಬೆರಳುಗಳು ನಿಂತವು. "ನೀನು ಬ್ರಾತ್ ಅಂತ ಹೇಳಿದ್ದೆ."

ಆ ರಜೆಯಲ್ಲಿ ಅವಳು ನನಗೆ ಮೀನು ಹುರಿದು ಬಡಿಸುತ್ತಾ ಕೇಳಿದ್ದಳು. ಅಷ್ಟು ಆಸೆಯಿಂದ ಕೇಳಿದ್ದಕ್ಕೆ ಬಾಯಿಗೆ ಬಂದದ್ದು ಆ ಒಳ್ಳೆಯ ಶಬ್ದ. ಬೋಸನ್ನಿನ ಸಂದೇಶ ಕೇಳಿದಾಗ ನಾನು ಬಚ್ಚಿಟ್ಟದ್ದೂ ಅದನ್ನೇ. ಅಂಗದ ಮಾತನ್ನು ಹೇಗಾದರೂ ಸುತ್ತಿ ಬಳಸಿ ಹೇಳಬಹುದಿತ್ತು. ಈ ಎರಡನೆಯದನ್ನು ಹೇಳಿದ್ದರೆ ಅವಳು ಹೇಗೆ ಗೊತ್ತು ಎಂದು ಕೇಳುತ್ತಿದ್ದಳು. ಅವಳ ಕಿವಿ ಎಂಬುದು ನೆಪ.

ಅಕ್ಕ ಆ ಸಾಲನ್ನು ಟೈಪು ಮಾಡಿದಳು. ಕೀಲಿಗಳನ್ನು ಅಷ್ಟು ಜೋರಾಗಿ ಒತ್ತಿದ್ದನ್ನು ನಾನು ಕಂಡಿರಲಿಲ್ಲ.

ತಿದ್ದಿದ ಅನುವಾದವನ್ನು ಅನುವಾದದ ಕಚೇರಿಗೆ ಒಯ್ದೆವು. ಯಜಮಾನರು ಓದಿ ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟರು. ಇಂಥದ್ದರ ಮೇಲೆ ನಮ್ಮ ಸೀಲು ಬೀಳುವುದಿಲ್ಲ ಎಂದರು. ಮೊದಲು ಕೊಟ್ಟದ್ದು ತಪ್ಪು ಎಂದು ಒಪ್ಪಿದರೆ ನಮ್ಮ ಹೆಸರು ಏನಾಗುತ್ತದೆ, ಇಷ್ಟು ದಿನ ಬೇರೆಯವನು ಕೇಳಿ ಹೇಳುತ್ತಿದ್ದದ್ದು ನಮಗೆ ಗೊತ್ತೇ ಇರಲಿಲ್ಲವಲ್ಲ ಎಂದೂ ಸೇರಿಸಿದರು. ಗೊತ್ತಿಲ್ಲದೆ ಏನು. ಅವರ ಕಚೇರಿಯ ಚಹಾವನ್ನು ನಾನು ಎಷ್ಟೋ ಸಲ ಕುಡಿದಿದ್ದೇನೆ. ಕಾಲು ಹೋದದ್ದು ಅವರಿಗೆ ಅಶ್ಲೀಲವಾಗಿ ಕಾಣಲಿಲ್ಲ, ಹಗ್ಗವನ್ನು ಬದಲಿಸದೆ ಇದ್ದದ್ದೂ ಕಾಣಲಿಲ್ಲ. ಒಂದು ಶಬ್ದ ಕಂಡಿತು. ಅವರ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಶಬ್ದವನ್ನು ತುಳುವಿನಲ್ಲಿ ಅವರ ಮುಖಕ್ಕೇ ಹೇಳಬೇಕೆಂದಿದ್ದೆ. ಹೇಳಲಿಲ್ಲ. ನಿನ್ನೆಯವರೆಗೆ ನಾನೂ ಅವರ ಹಾಗೆಯೇ ಇದ್ದೆನಲ್ಲ.

ಸೀಲು ಇಲ್ಲದಿದ್ದರೆ ಬೇಡ ಎಂದಳು ಅಕ್ಕ. ಮೊದಲಿನ ಅನುವಾದ ತಪ್ಪು, ಅದನ್ನು ಕೇಳಿ ಹೇಳಿದವನು ತನ್ನ ತಮ್ಮ, ಪರಿಶೀಲಿಸದೆ ರುಜು ಹಾಕಿದ್ದು ತಾನು ಎಂದು ವಕೀಲರ ಮೂಲಕ ಪ್ರಮಾಣಪತ್ರ ಹಾಕಿದಳು. ನಾನೂ ಒಂದು ಹಾಕಿದೆ. ಹಾಕಿದರೆ ಕಚೇರಿಯ ಅಂಕಪಟ್ಟಿಗಳು ಮತ್ತೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬರಲಿಲ್ಲ.

ವಿಚಾರಣೆಯ ದಿನ ಬೋಸನ್ನಿನ ಸಂದೇಶವನ್ನು ಪರಿಹಾರದ ಕೇಸು ನಡೆಸುವ ಅಧಿಕಾರಿಗಳ ಕೋಣೆಯಲ್ಲಿ ಹಾಕಿ ಕೇಳಿಸಿದರು. ಆಮೇಲೆ ನನ್ನನ್ನು ನಿಲ್ಲಿಸಿದರು. ಕಂಪನಿಯ ವಕೀಲರು ಎಷ್ಟು ಓದಿದ್ದೀರಿ ಎಂದು ಕೇಳಿದರು. ಏಳನೆಯ ಕ್ಲಾಸು ಎಂದೆ. ಮೊದಲು ಒಂದು ಹೇಳಿದಿರಿ, ಈಗ ಇನ್ನೊಂದು ಹೇಳುತ್ತೀರಿ, ಎರಡರಲ್ಲಿ ನಿಮ್ಮ ಸುಳ್ಳು ಯಾವುದು ಎಂದು ಕೇಳಿದರು. ಮೊದಲನೆಯದು ಎಂದೆ. ಯಾಕೆ ಹೇಳಿದಿರಿ ಎಂದರು. ಅಕ್ಕ ಹಿಂದಿನ ಬೆಂಚಿನಲ್ಲಿದ್ದಳು. ಅಲ್ಲಿ ಕೂತವರ ಎದುರು, ಅವಳ ಎದುರು, ಎರಡೂ ತುಂಡುಗಳನ್ನು ಕನ್ನಡದಲ್ಲಿ ಶಬ್ದಕ್ಕೆ ಶಬ್ದ ಹೇಳಿದೆ. ಎರಡನೆಯ ಹೆಸರಿನಿಂದ ನನ್ನನ್ನು ವರ್ಷಗಟ್ಟಲೆ ಕರೆದಿದ್ದಾರೆ, ಅದು ಮನೆಯವರಿಗೆ ತಿಳಿಯಬಾರದೆಂದು ಸುಳ್ಳು ಹೇಳಿದೆ ಎಂದೆ. ಟೈಪಿಸ್ಟು ಮುಖ ಕೆಳಗೆ ಹಾಕಿಕೊಂಡು ಒತ್ತುತ್ತಾ ಹೋದರು. ಅಧಿಕಾರಿಗಳು ಎರಡೂ ಅನುವಾದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಒಮ್ಮೆ ಸುಳ್ಳು ಹೇಳಿದವನ ಮಾತನ್ನೇ ನೆಚ್ಚಲಾಗದು, ಹೊರಗಿನಿಂದ ಇನ್ನೊಬ್ಬ ಅನುವಾದಕರಿಗೆ ಕಳಿಸಿ ಕೇಳಿಸುತ್ತೇವೆ ಎಂದರು. ಅದು ನ್ಯಾಯವೇ. ಕೇಸು ಇನ್ನೂ ಮುಗಿದಿಲ್ಲ. ಆದರೆ ಬೋಸನ್ ಆಡಿದ್ದು ಈಗ ಕಾಗದದಲ್ಲಿದೆ, ನಾನು ಆಡಿಸಿದ್ದು ಅಲ್ಲ. ಹೊರಗೆ ಗಾಯಾಳು ಊರುಗೋಲಿನ ಮೇಲೆ ನಿಂತು, ಆ ಆಫೀಸರ್ ಹೇಳಿದ್ದು ಇಷ್ಟು ಉದ್ದ ಇತ್ತಲ್ಲ ಅಣ್ಣಾ ಎಂದಷ್ಟೇ ಹೇಳಿದ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಳು. ನಾನು ಪಕ್ಕದಲ್ಲಿ. ಕೆಲಸ ಹೋಯಿತೆಂದು ಅವಳು ಒಂದು ಮಾತೂ ಆಡಲಿಲ್ಲ. ಟಿಕೆಟ್ಟನ್ನು ಸುರುಳಿ ಸುತ್ತುತ್ತಾ ಬಿಚ್ಚುತ್ತಾ ಬಂದಳು. ಅವಳ ಸ್ಟಾಪು ಹತ್ತಿರ ಬರುವಾಗ ನನ್ನ ಕಡೆ ತಿರುಗದೆ ಕೇಳಿದಳು.

"ಅವರು ಹಾಗೆ ಕರೆದ್ರೆ ನೀನು ಓ ಅಂತಿದ್ದೆಯಾ?"

"ಅಂತಿದ್ದೆ ಅಕ್ಕ. ಊಟ ಬಡಿಸ್ಲಿಕ್ಕೆ ಹೋಗ್ಬೇಕಿತ್ತಲ್ಲ."

ಅವಳು ತಲೆಯಾಡಿಸಿದಳು. ಸ್ಟಾಪು ಬಂತು, ಇಳಿದಳು. ಈಗಲೂ ಫೋನು ಮಾಡುತ್ತಾಳೆ, ಡಬ್ಬಿ ಆಯ್ತಾ, ಊಟ ಆಯ್ತಾ ಎಂದು ಕೇಳುತ್ತಾಳೆ. ಆದರೆ ಮೊದಲು ಬ್ರಾತ್ ಎಂದು ಶುರು ಮಾಡುತ್ತಿದ್ದ ಜಾಗದಲ್ಲಿ ಒಂದು ಗಳಿಗೆ ಸುಮ್ಮನಿರುತ್ತಾಳೆ. ಆ ಗಳಿಗೆಯಲ್ಲಿ ನಾನು ಓ ಎನ್ನುತ್ತೇನೆ.